ಗಿಡ ತುಂಬಿದ ಪುಟ್ಟ ಟ್ಯಾಂಕಿನಲ್ಲಿ ಸೀಗಡಿ: ಹಾಸನ, ಚಿಕ್ಕಮಗಳೂರಿನವರು ಪದೇ ಪದೇ ಕೇಳುವ ಪ್ರಶ್ನೆಗಳು

ಚಿಕ್ಕಮಗಳೂರಿನ ನಮ್ಮ ಮನೆಯ ಪಡಸಾಲೆಯಲ್ಲಿ ಒಂದೂವರೆ ಅಡಿ ಉದ್ದದ ಗಾಜಿನ ಟ್ಯಾಂಕ್ ಇದೆ. ಒಂದು ಮರದ ಬೇರು, ಅದರ ಮೇಲೆ ಜಾವಾ ಮಾಸ್, ಅದರ ತುಂಬ ಕೆಂಪು ಚೆರ್ರಿ ಸೀಗಡಿಗಳು. ನೋಡಿದವರಿಗೆ ತಾವೂ ಸಾಕಬೇಕು ಅನ್ನಿಸುತ್ತದೆ. ಆಮೇಲೆ ಫೋನ್ ಮಾಡುತ್ತಾರೆ, ಬಹಳ ಸಲ ಬೇಜಾರಿನಿಂದಲೇ: "ತಂದ ಹತ್ತರಲ್ಲಿ ಎಂಟು ಹೋದವು." ಅಂಥವರಿಗೆ ಹೇಳಿದ್ದನ್ನೆಲ್ಲ ಇಲ್ಲಿ ಬರೆದಿಟ್ಟಿದ್ದೇನೆ. ಸೀಗಡಿ ಸಾಕುವ ಸಲಹೆಗಳು ಬೇಕಾದಷ್ಟು ಸಿಗುತ್ತವೆ. ಆದರೆ ಅವು ನಮ್ಮ ನೀರಿಗೆ ಬರೆದವಲ್ಲ. ಮೂಡಿಗೆರೆಯ ನೀರು ಬೇರೆ, ಕಡೂರಿನ ನೀರು ಬೇರೆ. ಸೀಗಡಿಗೆ ಆ ವ್ಯತ್ಯಾಸವೇ ಜೀವನ್ಮರಣದ ವಿಷಯ.

ಇವು ನಾವು ಸಾರು ಮಾಡುವ ಸೀಗಡಿಯೇನಾ?

ಅಲ್ಲ. ಇವುಗಳ ಕುಲದ ಹೆಸರು ನಿಯೋಕ್ಯಾರಿಡಿನಾ. ಪೂರ್ವ ಏಷ್ಯಾದ ಸಿಹಿನೀರಿನ ತೊರೆಗಳವು. ದೊಡ್ಡ ಹೆಣ್ಣು ಅಂದರೆ ಒಂದು ಇಂಚಿಗಿಂತ ಸ್ವಲ್ಪ ಜಾಸ್ತಿ. ಆಯಸ್ಸು ಒಂದರಿಂದ ಎರಡು ವರ್ಷ. ಕಾಡಿನಲ್ಲಿ ಇವುಗಳ ಬಣ್ಣ ಕಂದು. ಕೆಂಪು, ಹಳದಿ, ನೀಲಿ ಎಲ್ಲ ಸಾಕಿದವರು ಆರಿಸಿ ಆರಿಸಿ ಬೆಳೆಸಿದ ಬಣ್ಣಗಳು.

ಮೊದಲ ಸಲ ಸಾಕುವವರು ಚೆರ್ರಿಯಿಂದಲೇ ಶುರು ಮಾಡಿ. ಕೆಂಪು-ಬಿಳಿ ಪಟ್ಟೆಯ ಕ್ರಿಸ್ಟಲ್ ಸೀಗಡಿ ಬಹಳ ಚೆಂದ, ನಿಜ. ಆದರೆ ಅದಕ್ಕೆ ಹುಳಿ ಕಡೆಗಿರುವ, ಬಹಳ ಮೆದುವಾದ (ಖನಿಜ ಕಡಿಮೆ ಇರುವ), ತಂಪಾದ ನೀರು ಬೇಕು. ಅಮಾನೊ ಸೀಗಡಿ ಪಾಚಿ ತಿನ್ನುವುದರಲ್ಲಿ ಎಲ್ಲಕ್ಕಿಂತ ಮುಂದು. ಜಪಾನಿನ ತಾಕಾಶಿ ಅಮಾನೊ ತಮ್ಮ ಗಿಡದ ಟ್ಯಾಂಕುಗಳಲ್ಲಿ ಬಳಸಿ ಪ್ರಸಿದ್ಧಿಗೆ ತಂದದ್ದರಿಂದ ಅದಕ್ಕೆ ಆ ಹೆಸರು ಬಂತು. ಅದರ ಮರಿಗಳಿಗೆ ಮೊದಲು ಉಪ್ಪು ನೀರು ಬೇಕಾದ್ದರಿಂದ ಮನೆಯ ಸಿಹಿನೀರಿನ ಟ್ಯಾಂಕಿನಲ್ಲಿ ಸಂಸಾರ ಬೆಳೆಯುವುದಿಲ್ಲ.

ನಮ್ಮ ಹಳ್ಳದಲ್ಲೇ ಸೀಗಡಿ ಇದೆಯಲ್ಲ, ಅದನ್ನೇ ಹಿಡಿದು ತಂದರೆ?

ಬೇಡ. ಹೊಳೆ, ಹಳ್ಳಗಳಲ್ಲಿ ಸಿಗುವ ಎಷ್ಟೋ ಸೀಗಡಿಗಳು ಉದ್ದ ಇಕ್ಕಳದ ಜಾತಿಯವು. ರಾತ್ರಿ ಹೊತ್ತು ಚೆರ್ರಿಗಳನ್ನು ಹಿಡಿದು ತಿನ್ನುತ್ತವೆ. ಜೊತೆಗೆ ಏನೇನು ಪರೋಪಜೀವಿ ಹೊತ್ತು ತರುತ್ತವೋ ಗೊತ್ತಾಗುವುದಿಲ್ಲ. ಅವು ಅಲ್ಲೇ ಇರಲಿ.

ಎಷ್ಟು ದೊಡ್ಡ ಟ್ಯಾಂಕ್ ಬೇಕು?

ಒಂದು ಅಡಿಯ ಚೌಕದ ಟ್ಯಾಂಕ್ ಅಂದರೆ ಸುಮಾರು 28 ಲೀಟರ್. ಅಷ್ಟಾದರೂ ಇರಲಿ. ಒಂದೂವರೆ ಅಡಿ ಉದ್ದ, ಒಂದು ಅಡಿ ಅಗಲ, ಒಂದು ಅಡಿ ಎತ್ತರ ಇದ್ದರೆ 42 ಲೀಟರ್ ಆಗುತ್ತದೆ, ಇನ್ನೂ ಒಳ್ಳೆಯದು. ಮೇಜಿನ ಮೇಲಿಡುವ ಗಾಜಿನ ಬಟ್ಟಲು ಬೇಡವೇ ಬೇಡ. ನೀರು ಕಡಿಮೆ ಇದ್ದಷ್ಟೂ ಬಿಸಿ, ಗಲೀಜು, ಖನಿಜ ಎಲ್ಲವೂ ಬೇಗ ಏರುಪೇರಾಗುತ್ತವೆ. ಸೀಗಡಿ ಕೊರತೆಯನ್ನು ತಡೆದೀತು, ಏರುಪೇರನ್ನು ತಡೆಯುವುದಿಲ್ಲ. ಮುಂದಿನ ಉತ್ತರಗಳಲ್ಲೂ ಈ ಮಾತು ಮತ್ತೆ ಮತ್ತೆ ಬರುತ್ತದೆ.

ಟ್ಯಾಂಕ್ ಕಟ್ಟಿದ ದಿನವೇ ಸೀಗಡಿ ಬಿಡಬಹುದಾ?

ಬಿಡಬೇಡಿ. ನಾಲ್ಕರಿಂದ ಆರು ವಾರ ಕಾಯಿರಿ. ಗಿಡ ನೆಟ್ಟು, ಸ್ಪಂಜ್ ಫಿಲ್ಟರ್ ಹಾಕಿ, ಗಾಳಿ ಓಡಿಸುತ್ತಾ ಇರಿ. ಗಲೀಜಿನಿಂದ ಹುಟ್ಟುವ ಅಮೋನಿಯಾವನ್ನು ಒಂದು ಬಗೆಯ ಬ್ಯಾಕ್ಟೀರಿಯಾ ನೈಟ್ರೈಟ್ ಮಾಡುತ್ತದೆ. ಇನ್ನೊಂದು ಬಗೆಯದು ಅದನ್ನು ನೈಟ್ರೇಟ್ ಮಾಡುತ್ತದೆ. ಮೊದಲ ಎರಡೂ ಸೀಗಡಿಗೆ ವಿಷ. ಮೂರನೆಯದನ್ನು ಗಿಡಗಳು ಹೀರಿಕೊಳ್ಳುತ್ತವೆ. ಈ ಬ್ಯಾಕ್ಟೀರಿಯಾ ನೆಲೆಯೂರಬೇಕಾದರೆ ಅದರ ಊಟಕ್ಕೆ ಚಿಟಿಕೆ ಮೀನಿನ ತಿಂಡಿಯನ್ನು ಆಗಾಗ ಹಾಕುತ್ತಿರಬೇಕು. ಟೆಸ್ಟ್ ಕಿಟ್‌ನಲ್ಲಿ ಅಮೋನಿಯಾ, ನೈಟ್ರೈಟ್ ಎರಡೂ ಸೊನ್ನೆ ಬಂದು, ಒಂದು ವಾರ ಹಾಗೇ ನಿಲ್ಲಬೇಕು. ಸ್ನೇಹಿತರ ಹಳೆಯ ಟ್ಯಾಂಕಿನಿಂದ ಒಂದು ಸ್ಪಂಜ್ ಸಿಕ್ಕರೆ ಕೆಲಸ ಬೇಗ ಆಗುತ್ತದೆ. ಚಳಿಗಾಲದಲ್ಲಿ ಶುರು ಮಾಡಿದರೆ ನಿಧಾನ.

ಕಾಯುವುದಕ್ಕೆ ಇನ್ನೊಂದು ಕಾರಣವೂ ಇದೆ. ಕೆರೆಯ ಮೆಟ್ಟಿಲ ಮೇಲೆ ಕೈಯಿಟ್ಟರೆ ಜಾರುವ ಒಂದು ತೆಳು ಪದರ ಸಿಗುತ್ತದೆ ಅಲ್ವಾ, ಅದೇ ಸೀಗಡಿಯ ನಿಜವಾದ ಊಟ. ದಿನವಿಡೀ ಪುಟ್ಟ ಕೈಗಳಿಂದ ಅದನ್ನೇ ಹೆಕ್ಕಿ ಹೆಕ್ಕಿ ತಿನ್ನುತ್ತವೆ. ಹೊಸ ಟ್ಯಾಂಕಿನಲ್ಲಿ ಅದು ಇರುವುದಿಲ್ಲ. ಮರಿಗಳಂತೂ ಅದಿಲ್ಲದೆ ಬದುಕುವುದೇ ಕಷ್ಟ.

ನಮ್ಮೂರ ನೀರು ಆಗುತ್ತದಾ?

ಮೊದಲು ನಿಮ್ಮ ನೀರು ಎಲ್ಲಿಯದು ಎಂದು ನೋಡಿ. ಹಾಸನ ನಗರಕ್ಕೆ ಹೇಮಾವತಿಯ ನೀರು. ಚಿಕ್ಕಮಗಳೂರಿಗೆ ಯಗಚಿ ಮತ್ತು ಹಿರೇಕೊಳಲೆ ಕೆರೆಯ ನೀರು. ಇಂಥ ನಲ್ಲಿ ನೀರಿನಲ್ಲಿ ತೊಂದರೆ ಕ್ಲೋರಿನ್‌ನದು. ಮಳೆಗಾಲದಲ್ಲಿ ನೀರು ಕೆಂಪಾದಾಗ ನಲ್ಲಿ ತಿರುಗಿಸಿದರೇ ಬ್ಲೀಚಿಂಗ್ ವಾಸನೆ ಮೂಗಿಗೆ ಬಡಿಯುತ್ತದೆ. ಅಗಲ ಬಾಯಿಯ ಬಕೆಟ್ಟಿನಲ್ಲಿ ಒಂದೆರಡು ದಿನ ತೆರೆದಿಡಿ. ಅವಸರ ಇದ್ದರೆ ಅಕ್ವೇರಿಯಂ ಅಂಗಡಿಯಲ್ಲಿ ಸಿಗುವ ಕ್ಲೋರಿನ್ ತೆಗೆಯುವ ದ್ರಾವಣವನ್ನು ಬಾಟಲಿಯ ಮೇಲೆ ಬರೆದಷ್ಟೇ ಹಾಕಿ.

ಸಕಲೇಶಪುರ, ಮೂಡಿಗೆರೆ, ಕೊಪ್ಪ, ಶೃಂಗೇರಿ ಕಡೆಯ ಬಾವಿ ಮತ್ತು ಅಬ್ಬಿ ನೀರು ಬಹಳ ಮೆದು. ಕುಡಿಯಲು ಅಮೃತ, ಆದರೆ ಸೀಗಡಿಯ ಚಿಪ್ಪಿಗೆ ಬೇಕಾದ ಸುಣ್ಣ ಅದರಲ್ಲಿ ಸಾಲದು. ಅರಸೀಕೆರೆ, ಚನ್ನರಾಯಪಟ್ಟಣ, ಕಡೂರು, ತರೀಕೆರೆ ಕಡೆಯ ಬೋರ್‌ವೆಲ್ ನೀರು ಇದಕ್ಕೆ ತದ್ವಿರುದ್ಧ. ಪಾತ್ರೆಯ ತಳದಲ್ಲಿ ಬಿಳಿ ಕರೆ ಕಟ್ಟುವಷ್ಟು ಗಡಸು.

ಚೆರ್ರಿಗೆ ಬೇಕಾದ ಅಳತೆ ಇಷ್ಟು: ಜಿಎಚ್ 6 ರಿಂದ 10, ಕೆಎಚ್ (ಕಾರ್ಬೊನೇಟ್ ಗಡಸುತನ) 2 ರಿಂದ 6, ಪಿಎಚ್ (ಹುಳಿ-ಕ್ಷಾರದ ಅಳತೆ) 6.8 ರಿಂದ 7.8, ಟಿಡಿಎಸ್ 150 ರಿಂದ 300. ಎಲ್ಲರೂ ಟಿಡಿಎಸ್ ಮೀಟರ್ ಒಂದನ್ನೇ ಕೊಂಡು ಸುಮ್ಮನಾಗುತ್ತಾರೆ. ಆದರೆ ಟಿಡಿಎಸ್ ಅಂದರೆ ನೀರಿನಲ್ಲಿ ಕರಗಿರುವ ಎಲ್ಲದರ ಒಟ್ಟು ಲೆಕ್ಕ. ಅದರಲ್ಲಿ ಸುಣ್ಣ, ಮೆಗ್ನೀಸಿಯಂ ಎಷ್ಟಿದೆ ಎಂದು ಹೇಳುವುದು ಜಿಎಚ್. ಹನಿ ಹಾಕಿ ಎಣಿಸುವ ಜಿಎಚ್-ಕೆಎಚ್ ಕಿಟ್ ಒಂದನ್ನು ತಪ್ಪದೆ ತನ್ನಿ. ಇನ್ನೊಂದು ಮಾತು, ಬೋರ್‌ವೆಲ್ಲಿಗೆ ಉಪ್ಪು ಹಾಕುವ ಸಾಫ್ಟ್‌ನರ್ ಕೂಡಿಸಿದ್ದರೆ ಆ ನೀರು ಬಳಸಬೇಡಿ. ಅದು ಸುಣ್ಣವನ್ನು ತೆಗೆದು ಅದರ ಜಾಗಕ್ಕೆ ಸೋಡಿಯಂ ಸೇರಿಸುತ್ತದೆ. ಮೀಟರಿನಲ್ಲಿ ಅಂಕಿ ಹೆಚ್ಚು ಕಡಿಮೆ ಹಾಗೇ ಇರುತ್ತದೆ, ಸೀಗಡಿಗೆ ಬೇಕಾದ್ದು ಮಾತ್ರ ಇರುವುದಿಲ್ಲ.

ಗಡಸು ನೀರಿದ್ದರೆ ಆರ್‌ಒ ಅಥವಾ ಮಳೆನೀರು ಬೆರೆಸಿ. ನಿಮ್ಮ ಬೋರ್‌ವೆಲ್ ಟಿಡಿಎಸ್ 600, ಮಳೆನೀರಿನದು 10 ಎಂದುಕೊಳ್ಳಿ. ಒಂದು ಪಾಲು ಬೋರ್‌ವೆಲ್ಲಿಗೆ ಎರಡು ಪಾಲು ಮಳೆನೀರು ಬೆರೆಸಿದರೆ ಸುಮಾರು 200 ಬರುತ್ತದೆ. ಮೆದು ನೀರಿದ್ದರೆ ಸೀಗಡಿಗೆಂದೇ ಬರುವ ಖನಿಜದ ಪುಡಿ ಹಾಕಿ. ಅದು ಸಿಗದಿದ್ದರೆ ಹಕ್ಕಿ ಪಂಜರದಲ್ಲಿ ನೇತು ಹಾಕುವ ಕಟಲ್‌ಬೋನಿನ ತುಂಡನ್ನು ಫಿಲ್ಟರ್ ಹತ್ತಿರ ಇಟ್ಟು, ವಾರಕ್ಕೊಮ್ಮೆ ಅಳೆಯುತ್ತಾ ನಿಧಾನವಾಗಿ ಏರಿಸಿ.

ಮಳೆನೀರು ಹಿಡಿಯುವುದು ಹೇಗೆ?

ನಮ್ಮ ಮಲೆನಾಡಿಗೆ ಇದಕ್ಕಿಂತ ದೊಡ್ಡ ವರ ಇಲ್ಲ. ಮೊದಲ ನಾಲ್ಕೈದು ಮಳೆಗೆ ಮಾಡು ತೊಳೆದು ಹೋಗಲಿ. ಆಮೇಲೆ ಹಂಚಿನ ಮಾಡಿನ ನೀರನ್ನು ಬಟ್ಟೆಯಲ್ಲಿ ಸೋಸಿ ಪ್ಲಾಸ್ಟಿಕ್ ಡ್ರಮ್ಮಿಗೆ ಹಿಡಿದು ಮುಚ್ಚಿಡಿ. ಜಿಂಕ್ ಶೀಟಿನ ಮಾಡಿನ ನೀರು ಬೇಡ. ಆವಿಯಾಗಿ ಕಡಿಮೆಯಾದ ನೀರನ್ನು ತುಂಬಲು ಮಳೆನೀರು ಅಥವಾ ಆರ್‌ಒ ನೀರನ್ನೇ ಬಳಸಿ. ಆವಿಯಾಗುವುದು ನೀರು ಮಾತ್ರ, ಖನಿಜ ಒಳಗೇ ಉಳಿಯುತ್ತದೆ. ಬೋರ್‌ವೆಲ್ ನೀರು ತುಂಬುತ್ತಾ ಹೋದರೆ ಎರಡೇ ತಿಂಗಳಲ್ಲಿ ಟ್ಯಾಂಕಿನ ನೀರು ಗೊತ್ತಾಗದಂತೆ ಗಡಸಾಗುತ್ತದೆ.

ಮೈಲುತುತ್ತದ ಬಗ್ಗೆ ನೀವು ಯಾಕೆ ಅಷ್ಟು ಹೆದರಿಸುತ್ತೀರಿ?

ಒಂದೇ ದಿನದಲ್ಲಿ ನಲವತ್ತಕ್ಕೂ ಹೆಚ್ಚು ಸೀಗಡಿ ಕಳೆದುಕೊಂಡಿದ್ದೇನೆ, ಅದಕ್ಕೆ.

ನಾನು ಸಾಕಲು ಶುರು ಮಾಡಿದ ಎರಡನೇ ವರ್ಷ. ಮಳೆಗಾಲ ಹಿಡಿಯುವ ಮುಂಚೆ ನೆಂಟರ ಮನೆಗೆ ಹೋಗಿದ್ದೆ. ಕಾಫಿ ತೋಟದ ಕೆಳಗೆ ಹರಿಯುವ ಹಳ್ಳದ ಬಂಡೆ ಮೇಲೆ ಹಸಿರು ಮಾಸ್ ಮಖಮಲ್ಲಿನ ಹಾಗೆ ಬೆಳೆದಿತ್ತು. ಆಸೆಪಟ್ಟು ಒಂದು ಹಿಡಿ ತಂದೆ, ತೊಳೆದು ಟ್ಯಾಂಕಿಗೆ ಹಾಕಿದೆ. ಮಾರನೆಯ ಬೆಳಿಗ್ಗೆ ಸೀಗಡಿಗಳೆಲ್ಲ ಗಾಜಿಗೆ ಬಡಿದುಕೊಳ್ಳುತ್ತಾ ಹುಚ್ಚು ಹಿಡಿದ ಹಾಗೆ ಈಜುತ್ತಿದ್ದವು. ಮಧ್ಯಾಹ್ನಕ್ಕೆ ಒಂದೊಂದೇ ಮಗ್ಗುಲಿಗೆ ಬಿದ್ದವು. ಬಸವನಹುಳುಗಳೂ ಗಾಜಿನಿಂದ ಕಳಚಿ ಬಿದ್ದವು. ಮೀನುಗಳಿಗೆ ಮಾತ್ರ ಏನೂ ಆಗಿರಲಿಲ್ಲ. ಮೀನು ಉಳಿದು, ಸೀಗಡಿಯೂ ಬಸವನಹುಳುವೂ ಒಟ್ಟಿಗೆ ಹೋದರೆ ಮೊದಲ ಅನುಮಾನ ತಾಮ್ರದ ಮೇಲೆ. ಕೇಳಿದಾಗ ಗೊತ್ತಾಯಿತು, ಹಿಂದಿನ ವಾರವಷ್ಟೇ ಮೇಲಿನ ತೋಟದಲ್ಲಿ ತಾಮ್ರ ಇರುವ ಬೋರ್ಡೋ ದ್ರಾವಣ ಹೊಡೆದಿದ್ದರು. ಹೊಡೆದವರದ್ದು ತಪ್ಪಲ್ಲ, ಅವರ ಬೆಳೆ ಉಳಿಯಬೇಕು. ಅಲ್ಲಿಂದ ಮಾಸ್ ತಂದದ್ದು ನನ್ನ ತಪ್ಪು.

ಬೋರ್ಡೋ ದ್ರಾವಣ ಅಂದರೆ ಮೈಲುತುತ್ತ ಮತ್ತು ಸುಣ್ಣ. ಮೈಲುತುತ್ತ ಅಂದರೆ ತಾಮ್ರದ ಸಲ್ಫೇಟ್. ಅಡಿಕೆಯ ಕೊಳೆರೋಗಕ್ಕೆ 100 ಲೀಟರ್ ನೀರಿಗೆ ಒಂದು ಕಿಲೋ ಮೈಲುತುತ್ತ, ಒಂದು ಕಿಲೋ ಸುಣ್ಣ ಹಾಕಿ ಹೊಡೆಯುತ್ತಾರೆ. ಕಾಫಿಯ ಎಲೆ ತುಕ್ಕು ರೋಗಕ್ಕೆ ಅದರ ಅರ್ಧ ಗಾಢತೆ. ನಮ್ಮ ರಕ್ತದಲ್ಲಿ ಕಬ್ಬಿಣ ಇರುವ ಹಾಗೆ ಸೀಗಡಿಯ ರಕ್ತದಲ್ಲಿ ತಾಮ್ರ ಇದೆ. ಉಸಿರನ್ನು ಹೊತ್ತೊಯ್ಯುವುದು ಅದೇ. ಆದರೆ ಹೊರಗಿನಿಂದ ಸ್ವಲ್ಪ ಜಾಸ್ತಿ ಬಂದರೂ ಅದೇ ವಿಷವಾಗುತ್ತದೆ.

ಹಾಗಾಗಿ ತೋಟದ ಹಳ್ಳದ ಕಲ್ಲು, ಮಾಸ್, ಬೇರು, ಉದುರಿದ ಎಲೆ ಯಾವುದೂ ಬೇಡ. ತೋಟದ ಮನೆಯವರು ಸಿಂಪಡಣೆ ನಡೆಯುವ ವಾರಗಳಲ್ಲಿ ಮಾಡಿನ ಮಳೆನೀರು ಹಿಡಿಯಬೇಡಿ. ಬಚ್ಚಲಿನ ತಾಮ್ರದ ಹಂಡೆಯಲ್ಲಿ ನಿಂತ ನೀರು, ತಾಮ್ರದ ಕೊಡದ ನೀರು ಟ್ಯಾಂಕಿಗೆ ಹಾಕಬೇಡಿ. ಮೀನಿನ ಬಿಳಿಚುಕ್ಕೆ ರೋಗದ ಕೆಲವು ಔಷಧಿಗಳಲ್ಲೂ ತಾಮ್ರ ಇರುತ್ತದೆ, ಬಾಟಲಿ ಓದಿ. ಗಿಡದ ಗೊಬ್ಬರದಲ್ಲಿ ಇರುವುದು ಎಳ್ಳಷ್ಟು, ಹೇಳಿದ ಪ್ರಮಾಣದ ಅರ್ಧ ಹಾಕಿದರೆ ಭಯವಿಲ್ಲ.

ತಾಮ್ರದಷ್ಟೇ ಕೆಟ್ಟದ್ದು ಸೊಳ್ಳೆ ಔಷಧಿ. ಬತ್ತಿ, ಲಿಕ್ವಿಡ್, ಸ್ಪ್ರೇ ಎಲ್ಲದರಲ್ಲೂ ಸಾಮಾನ್ಯವಾಗಿ ಇರುವುದು ಪೈರೆಥ್ರಾಯ್ಡ್ ಎಂಬ ಕೀಟನಾಶಕ. ಸೀಗಡಿಯೂ ಕೀಟದ ದೂರದ ನೆಂಟನೇ. ಟ್ಯಾಂಕ್ ಇರುವ ಕೋಣೆಯಲ್ಲಿ ಸೊಳ್ಳೆ ಪರದೆ ಕಟ್ಟಿ. ಗಾಳಿ ಪಂಪು ಕೋಣೆಯ ಗಾಳಿಯನ್ನೇ ನೀರಿಗೆ ತಳ್ಳುತ್ತದೆ, ಮರೆಯಬೇಡಿ. ನಾಯಿಗೆ ಉಣ್ಣೆ ಔಷಧಿ ಹಚ್ಚಿದ ಕೈಯನ್ನು ಆ ದಿನ ನೀರಿಗೆ ಇಳಿಸಬೇಡಿ.

ಇಂಥದ್ದು ಆಗಿಯೇ ಹೋದರೆ ಉಳಿದವನ್ನು ಕೂಡಲೇ ಬೇರೆ ಒಳ್ಳೆಯ ನೀರಿಗೆ ಬಿಡಿ. ಫಿಲ್ಟರಿಗೆ ಆಕ್ಟಿವೇಟೆಡ್ ಇದ್ದಿಲು ಹಾಕಿ.

ಯಾವ ಗಿಡ ಹಾಕಲಿ?

ಜಾವಾ ಮಾಸ್ ಇರಲೇಬೇಕು. ಮರಿಗಳಿಗೆ ಅದೇ ಮನೆ, ಅದೇ ಊಟದ ತಟ್ಟೆ. ಜಾವಾ ಫರ್ನ್ ಮತ್ತು ಅನುಬಿಯಸ್ ಗಿಡಗಳನ್ನು ಟ್ಯಾಂಕಿನ ಮರದ ಬೇರಿಗೆ ಕಟ್ಟಿದರೆ ಸಾಕು, ಬೆಳೆಯುತ್ತವೆ. ನೀರಿನ ಮೇಲೆ ಸ್ವಲ್ಪ ತೇಲುವ ಗಿಡ ಇದ್ದರೆ ನೈಟ್ರೇಟ್ ಬೇಗ ಕಡಿಮೆಯಾಗುತ್ತದೆ. ಅಂಗಡಿಯ ಗಿಡಗಳಿಗೆ ಕೀಟನಾಶಕ ಹೊಡೆದಿರಬಹುದು. ಒಂದೆರಡು ವಾರ ಬೇರೆ ಬಕೆಟ್ಟಿನಲ್ಲಿ ಇಟ್ಟು, ನಡುನಡುವೆ ನೀರು ಬದಲಿಸಿ, ಆಮೇಲೆ ಹಾಕಿ. ಲೈಟ್ ದಿನಕ್ಕೆ 6 ರಿಂದ 8 ಗಂಟೆ. ಈ ಗಿಡಗಳಿಗೆ ಕಾರ್ಬನ್ ಡೈಆಕ್ಸೈಡ್ ಸಿಲಿಂಡರ್ ಬೇಕಿಲ್ಲ.

ದಿನಾ ಊಟ ಹಾಕಬೇಕಾ?

ಬೇಡ. ಗಿಡ ತುಂಬಿದ ಹಳೆಯ ಟ್ಯಾಂಕಿನಲ್ಲಿ ವಾರಕ್ಕೆ ಎರಡು ಮೂರು ಸಲ ಸಾಕು. ಹಸಿವಿನಿಂದ ಸತ್ತ ಸೀಗಡಿಗಿಂತ ಉಳಿದ ಊಟ ಕೊಳೆತು ಸತ್ತವೇ ಜಾಸ್ತಿ. ಮೂವತ್ತು ಸೀಗಡಿಗೆ ಹೆಬ್ಬೆರಳಿನ ಉಗುರಿನಷ್ಟು ತುಂಡು. ಮೂರು ನಾಲ್ಕು ಗಂಟೆಯಲ್ಲಿ ಮುಗಿಯದಿದ್ದರೆ ತೆಗೆದುಬಿಡಿ.

ಸೀಗಡಿಗೆಂದೇ ಬರುವ ಗುಳಿಗೆ ಒಂದು ದಿನ, ಬೇಯಿಸಿ ಮೆತ್ತಗಾದ ಸೌತೆ, ಪಾಲಕ್ ಅಥವಾ ಹುರುಳಿಕಾಯಿ ಇನ್ನೊಂದು ದಿನ. ಸಂತೆಯ ತರಕಾರಿಯನ್ನು ಚೆನ್ನಾಗಿ ತೊಳೆದು ಸಿಪ್ಪೆ ತೆಗೆಯಿರಿ. ಇವುಗಳಿಗೆ ಬಲು ಇಷ್ಟವಾದದ್ದು ಹಿಪ್ಪುನೇರಳೆ ಸೊಪ್ಪು. ಹಾಸನ ಜಿಲ್ಲೆಯ ಬಯಲು ಕಡೆ ರೇಷ್ಮೆ ಸಾಕುವವರು ಇದ್ದಾರೆ, ಅವರ ಹತ್ತಿರ ಕೇಳಿ. ಹುಳು ಮೇಯಿಸುತ್ತಿರುವ ಸೊಪ್ಪಾದರೆ ಧೈರ್ಯ, ಔಷಧಿ ಇರುವ ಸೊಪ್ಪು ತಿಂದರೆ ಹುಳುವೇ ಉಳಿಯುವುದಿಲ್ಲ. ನೆರಳಲ್ಲಿ ಒಣಗಿಸಿಟ್ಟುಕೊಂಡರೆ ತಿಂಗಳುಗಟ್ಟಲೆ ಬರುತ್ತದೆ. ಹಾಕುವ ಮುಂಚೆ ಒಂದು ಕುದಿ ಬರಿಸಿ. ತಾನಾಗಿ ಉದುರಿ ಒಣಗಿದ ಕಾಡುಬಾದಾಮಿ ಎಲೆ ಒಂದು ಯಾವಾಗಲೂ ಟ್ಯಾಂಕಿನಲ್ಲಿ ಇರಲಿ.

ಸತ್ತು ಹೋಯಿತು ಅಂದುಕೊಂಡೆ, ನೋಡಿದರೆ ಖಾಲಿ ಚಿಪ್ಪು!

ಅದು ಪೊರೆ. ಬೆಳೆಯಬೇಕಾದರೆ ಸೀಗಡಿ ಹಳೆಯ ಚಿಪ್ಪು ಬಿಡಲೇಬೇಕು. ಕಣ್ಣು, ಮೀಸೆ, ಕಾಲು ಎಲ್ಲ ಇದ್ದು ಗಾಜಿನ ಹಾಗೆ ಪಾರದರ್ಶಕವಾಗಿರುತ್ತದೆ. ತೆಗೆಯಬೇಡಿ, ಅವೇ ತಿಂದು ಸುಣ್ಣ ವಾಪಸ್ ಪಡೆಯುತ್ತವೆ. ಸತ್ತ ಸೀಗಡಿ ಹಾಗಲ್ಲ, ಬೇಯಿಸಿದ ಹಾಗೆ ಗುಲಾಬಿ ಬಣ್ಣಕ್ಕೆ ತಿರುಗುತ್ತದೆ. ಅದನ್ನು ತೆಗೆಯಬೇಕು. ಪೊರೆ ಬಿಟ್ಟ ದಿನ ಸೀಗಡಿಯ ಮೈ ಮೆದು. ಎಲ್ಲೋ ಅಡಗಿ ಕೂರುತ್ತದೆ, ಕೆದಕಬೇಡಿ.

ದಿನಕ್ಕೊಂದು ಸಾಯುತ್ತಿದೆ. ಏನು ಮಾಡಲಿ?

ತಂದು ಎಷ್ಟು ದಿನವಾಯಿತು ಎಂದು ನಾನು ಮೊದಲು ಕೇಳುತ್ತೇನೆ. ಮೊದಲ ಎರಡು ಮೂರು ವಾರದಲ್ಲಿ ಕೆಲವು ಹೋಗುವುದು ಮಾಮೂಲಿ. ಪ್ರಯಾಣ, ಹೊಸ ನೀರು, ದೊಡ್ಡ ವಯಸ್ಸು. ಆಮೇಲೂ ನಿಲ್ಲದಿದ್ದರೆ ಸತ್ತದ್ದನ್ನು ತೆಗೆದು ಬೆಳಕಿಗೆ ಹಿಡಿದು ನೋಡಿ. ತಲೆ ಮತ್ತು ಬೆನ್ನು ಸೇರುವಲ್ಲಿ ಸುತ್ತಲೂ ಬಿಳಿ ಉಂಗುರ ಇದೆಯಾ? ಇದ್ದರೆ ಪೊರೆ ಬಿಡಲಾಗದೆ ಸತ್ತಿದೆ. ಜಿಎಚ್ ತೀರಾ ಕಡಿಮೆ ಅಥವಾ ತೀರಾ ಜಾಸ್ತಿ ಇರಬಹುದು. ಒಮ್ಮೆಲೇ ಅರ್ಧ ಟ್ಯಾಂಕ್ ನೀರು ಬದಲಿಸಿದ್ದರೂ ಹೀಗಾಗುತ್ತದೆ. ನೀರು ದಿಢೀರನೆ ಬದಲಾದಾಗ ಚಿಪ್ಪು ಸಿದ್ಧವಾಗುವ ಮೊದಲೇ ಪೊರೆ ಬಿಡಲು ಹೋಗಿ ಸಿಕ್ಕಿಕೊಳ್ಳುತ್ತವೆ.

ಭಾನುವಾರ ಬಂತು ಅಂದರೆ ಟ್ಯಾಂಕ್ ಪೂರ್ತಿ ಖಾಲಿ ಮಾಡಿ, ಕಲ್ಲು ತಿಕ್ಕಿ, ಸ್ಪಂಜನ್ನು ನಲ್ಲಿ ಕೆಳಗೆ ತೊಳೆದು ಲಕಲಕ ಮಾಡುವವರಿದ್ದಾರೆ. ಅವರ ಸೀಗಡಿ ಉಳಿಯುವುದಿಲ್ಲ. ಪ್ರೀತಿಯಿಂದಲೇ ಮಾಡುತ್ತಾರೆ, ಅದು ಇನ್ನೂ ಸಂಕಟ. ವಾರಕ್ಕೆ ಹತ್ತರಲ್ಲಿ ಒಂದು ಪಾಲು ನೀರು ತೆಗೆದು, ಅದೇ ಟಿಡಿಎಸ್, ಅದೇ ಬಿಸಿಯ ನೀರನ್ನು ತೆಳು ಪೈಪಿನಲ್ಲಿ ಹನಿ ಹನಿಯಾಗಿ ಬಿಡಿ. ಸ್ಪಂಜನ್ನು ತೆಗೆದ ಟ್ಯಾಂಕ್ ನೀರಿನಲ್ಲೇ ಹಿಂಡಿ.

ಮೂಗಿನ ತುದಿಯಲ್ಲಿ ಬಿಳಿ ಎಳೆಗಳು ಅಲ್ಲಾಡುತ್ತಿದ್ದರೆ ಅದು ಪುಟ್ಟ ಪರೋಪಜೀವಿ. ಒಂದು ಕಪ್ ಟ್ಯಾಂಕ್ ನೀರಿಗೆ ಒಂದು ಟೇಬಲ್ ಚಮಚ ಅಯೋಡಿನ್ ಇಲ್ಲದ ಉಪ್ಪು ಕರಗಿಸಿ, ಸೀಗಡಿಯನ್ನು ಬಲೆಯಲ್ಲೇ 30 ರಿಂದ 60 ಸೆಕೆಂಡ್ ಅದ್ದಿ ತೆಗೆಯಿರಿ. ಹೊಟ್ಟೆಯ ಕೆಳಗೆ ಕಾಲುಗಳ ನಡುವೆ ಹಸಿರು ಬೂಷ್ಟು ಕಂಡರೆ ಮಾತ್ರ ತಕ್ಷಣ ಬೇರೆ ಮಾಡಿ, ಅದು ಬಹಳ ಹಟಮಾರಿ ಕಾಯಿಲೆ.

ಬೇಸಿಗೆಗೆ, ಚಳಿಗೆ ಏನು ಮಾಡಬೇಕು?

ಸಮುದ್ರ ಮಟ್ಟದಿಂದ ಸಾವಿರ ಮೀಟರ್ ಆಚೀಚೆ ಎತ್ತರದಲ್ಲಿ ಇರುವುದು ನಮ್ಮ ಅದೃಷ್ಟ. ಚೆರ್ರಿಗೆ 20 ರಿಂದ 26 ಡಿಗ್ರಿ ಹಿತ. ಹೀಟರ್ ಬೇಕಿಲ್ಲ. ಡಿಸೆಂಬರ್, ಜನವರಿಯಲ್ಲಿ ನೀರು 17-18ಕ್ಕೆ ಇಳಿದರೂ ಬದುಕುತ್ತವೆ, ಮೊಟ್ಟೆ ಇಡುವುದು ನಿಧಾನವಾಗುತ್ತದೆ ಅಷ್ಟೇ.

ಕಷ್ಟ ಇರುವುದು ಮಾರ್ಚ್‌ನಿಂದ ಮೇವರೆಗೆ. ನೀರು 30 ದಾಟಿದರೆ ಅದರಲ್ಲಿ ಆಮ್ಲಜನಕ ಕಡಿಮೆಯಾಗುತ್ತದೆ, ಕಾಯಿಲೆ ಬೇಗ ಹಬ್ಬುತ್ತದೆ. ಕಿಟಕಿ ಬಿಸಿಲಿನಿಂದ ಟ್ಯಾಂಕನ್ನು ದೂರ ಇಡಿ. ಚಿಕ್ಕ ಫ್ಯಾನ್ ನೀರಿನ ಮೇಲ್ಮೈಗೆ ಬೀಸಿದರೆ ಎರಡು ಮೂರು ಡಿಗ್ರಿ ಇಳಿಯುತ್ತದೆ. ಐಸ್ ಹಾಕಬೇಡಿ.

ಮಳೆಗಾಲದಲ್ಲಿ ಎರಡೆರಡು ದಿನ ಕರೆಂಟ್ ಇರುವುದಿಲ್ಲ. ಆಗ?

ಮರ ಬಿದ್ದು ಲೈನ್ ಹೋದರೆ ಯಾವಾಗ ಬರುತ್ತದೋ ಹೇಳಲಾಗುವುದಿಲ್ಲ. ಪವರ್ ಬ್ಯಾಂಕಿನಿಂದ ಓಡುವ ಯುಎಸ್‌ಬಿ ಗಾಳಿ ಪಂಪ್ ಒಂದನ್ನು ತಂದಿಡಿ. ಅದೂ ಇಲ್ಲದಿದ್ದರೆ ಎರಡು ಮೂರು ಗಂಟೆಗೊಮ್ಮೆ ಲೋಟದಲ್ಲಿ ನೀರು ಎತ್ತಿ ಎತ್ತಿ ಸುರಿಯಿರಿ. ಊಟ ಹಾಕಬೇಡಿ. ಸ್ಪಂಜ್ ಅರ್ಧ ದಿನಕ್ಕಿಂತ ಜಾಸ್ತಿ ನಿಂತಿದ್ದರೆ ಟ್ಯಾಂಕ್ ನೀರಿನಲ್ಲಿ ಹಿಂಡಿ ಆಮೇಲೆ ಚಾಲೂ ಮಾಡಿ.

ಹೊಟ್ಟೆ ಕೆಳಗೆ ಹಳದಿ ಗುಳ್ಳೆ ಕಾಣುತ್ತಿದೆ. ರೋಗವಾ?

ಮೊಟ್ಟೆ! ಒಂದು ಹೆಣ್ಣು 20-30 ಮೊಟ್ಟೆ ಹೊತ್ತು, ಈಜುಗಾಲಿನಿಂದ ಗಾಳಿ ಹಾಕುತ್ತಾ ಮೂರು ನಾಲ್ಕು ವಾರ ಕಾಯುತ್ತದೆ. ಅದಕ್ಕೂ ಮುಂಚೆ ಹೆಣ್ಣಿನ ಬೆನ್ನ ಮೇಲೆ ತಡಿಯ ಹಾಗೆ ಹಳದಿ ಮಚ್ಚೆ ಕಾಣುತ್ತದೆ. ಅದು ಪೊರೆ ಬಿಟ್ಟ ರಾತ್ರಿ ಗಂಡುಗಳೆಲ್ಲ ಟ್ಯಾಂಕ್ ತುಂಬ ಓಡಾಡುತ್ತವೆ. ಮರಿಗಳು ಹುಟ್ಟುವಾಗಲೇ ದೊಡ್ಡವುಗಳ ತದ್ರೂಪ, ಎರಡು ಮಿಲಿಮೀಟರ್ ಅಷ್ಟೇ. ಮೊದಲ ಸಲ ಮಾಸ್ ನಡುವೆ ಒಂದನ್ನು ಕಂಡಾಗ ನಾನು ಮನೆಯವರನ್ನೆಲ್ಲ ಎಬ್ಬಿಸಿ ತೋರಿಸಿದ್ದೆ.

ಜೊತೆಗೆ ಗಪ್ಪಿ ಬಿಡಬಹುದಾ? ಬೇರೆ ಬಣ್ಣದ ಸೀಗಡಿ?

ಬಾಯಿಗೆ ಹಿಡಿಸುವ ಮರಿಯನ್ನು ಹೆಚ್ಚು ಕಡಿಮೆ ಎಲ್ಲ ಮೀನೂ ತಿನ್ನುತ್ತದೆ. ಸಂಸಾರ ಬೆಳೆಯಬೇಕಾದರೆ ಸೀಗಡಿ ಒಂದೇ ಇರಲಿ. ಬಣ್ಣ ಬೆರೆಸಿದರೆ ಕೆಲವು ತಲೆಮಾರಿನಲ್ಲಿ ಎಲ್ಲ ಕಂದು ಬಣ್ಣಕ್ಕೆ ಮರಳುತ್ತವೆ. ಒಂದು ಟ್ಯಾಂಕಿಗೆ ಒಂದೇ ಬಣ್ಣ.

ಬೆಂಗಳೂರಿನಿಂದ ತಂದ ಕೂಡಲೇ ಬಿಡಬಹುದಾ?

ಹತ್ತು ಹದಿನೈದು ತನ್ನಿ, ಚಿಕ್ಕವನ್ನೇ ಆರಿಸಿ. ಬಸ್ಸಿನಲ್ಲಿ ಬಿಸಿಲು ಬೀಳದ ಕಡೆ ಇಟ್ಟುಕೊಳ್ಳಿ. ಮನೆಗೆ ಬಂದ ಮೇಲೆ ಕವರಿನ ನೀರಿನ ಸಮೇತ ಡಬ್ಬಿಗೆ ಸುರಿದು, ಗಂಟು ಹಾಕಿದ ತೆಳು ಪೈಪಿನಿಂದ ಟ್ಯಾಂಕ್ ನೀರನ್ನು ಸೆಕೆಂಡಿಗೆ ಒಂದೆರಡು ಹನಿಯಂತೆ ಬಿಡಿ. ಎರಡು ಗಂಟೆ ಹಿಡಿಯುತ್ತದೆ. ಆಮೇಲೆ ಬಲೆಯಲ್ಲಿ ಎತ್ತಿ ಬಿಡಿ, ಡಬ್ಬಿಯ ನೀರು ಒಳಗೆ ಬೇಡ.

ಬಹಳ ಜಾಸ್ತಿ ಆಗಿವೆ. ಹಳ್ಳಕ್ಕೆ ಬಿಡಲಾ?

ದಯವಿಟ್ಟು ಬಿಡಬೇಡಿ. ತುಂಗಾ, ಭದ್ರಾ, ಹೇಮಾವತಿ ಹುಟ್ಟುವುದೇ ಈ ಬೆಟ್ಟಗಳಲ್ಲಿ. ಬೇರೆಲ್ಲೂ ಇಲ್ಲದ ಎಷ್ಟೋ ಜೀವಿಗಳು ಪಶ್ಚಿಮ ಘಟ್ಟದ ತೊರೆಗಳಲ್ಲಿವೆ. ಜರ್ಮನಿ, ಪೋಲೆಂಡ್, ಹವಾಯಿಯಲ್ಲಿ ಈ ಚೆರ್ರಿ ಸೀಗಡಿ ಹೊರಗಿನ ನೀರಿಗೆ ಸೇರಿ ಅಲ್ಲೇ ಬೇರೂರಿದೆ. ನಮ್ಮ ಚಳಿ ಅವಕ್ಕೆ ಏನೂ ಅಲ್ಲ, ಇಲ್ಲಿ ಬೇರೂರುವುದು ಕಷ್ಟವಿಲ್ಲ. ತೆಗೆದ ನೀರನ್ನೂ ಚರಂಡಿಗೆ ಬಿಡದೆ ಹೂವಿನ ಗಿಡಕ್ಕೆ ಹಾಕಿ, ಅದರಲ್ಲಿ ಕಣ್ಣಿಗೆ ಕಾಣದ ಮರಿ ಇರಬಹುದು.

ಜಾಸ್ತಿಯಾದದ್ದನ್ನು ಸಾಕುವ ಮನಸ್ಸಿರುವವರಿಗೆ ಕೊಡಿ. ನಾನು ಕವರಿಗೆ ಹತ್ತು ಸೀಗಡಿ ಹಾಕಿ, ಹಿಡಿದುಕೊಳ್ಳಲು ಒಂದು ತುಂಡು ಜಾವಾ ಮಾಸ್ ಇಟ್ಟು, ನಮ್ಮ ಟ್ಯಾಂಕಿನ ಜಿಎಚ್ ಮತ್ತು ಟಿಡಿಎಸ್ ಬರೆದ ಚೀಟಿಯನ್ನು ಮೇಲೆ ಅಂಟಿಸಿ ಕೊಡುತ್ತೇನೆ.